ಬೇವಿನಕಟ್ಟಿಯವರೆಗೆ ಹೋದ ಗಾಡಿಯ ವಿಷಯ

ಹೇಳಿಕೆದಾರರ ಹೆಸರು ನರಹರಿ ತಂದೆ ಶ್ರೀಪಾದ ದೇಸಾಯಿ, ವಯಸ್ಸು 71 ವರ್ಷ, ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮಷಿನಿಸ್ಟ್ ಆಗಿದ್ದು ನಿವೃತ್ತಿ, ಮೂಲ ಊರು ಕಲಬುರಗಿ, ಸದ್ಯ ವಾಸ ಹೈದರಾಬಾದಿನ ನಾಚಾರಂ. ಈ ಮೂಲಕ ತಿಳಿಸುವುದು ಈ ಕೆಳಗಿನಷ್ಟು, ಮತ್ತು ಇದರಲ್ಲಿ ಒಂದು ಸಾಲನ್ನೂ ಬಿಡದೆ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ನನಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಓದಲಾಗದ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ನಾನು ಹಟ ಮಾಡಿದ್ದರಿಂದ, ನಾರಾಯಣಪೇಟೆ ಕಡೆಯವರಾದ ಹೆಡ್ ಕಾನ್‌ಸ್ಟೇಬಲ್ ಚಂದ್ರಹಾಸ ಅವರು ಇದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಅವರ ಕೈಬರಹ ಚೆನ್ನಾಗಿದೆ.

ಕಾಣೆಯಾಗಿರುವ ವೀರಭದ್ರಪ್ಪ ತಂದೆ ಗುರುಲಿಂಗಪ್ಪ, ವಯಸ್ಸು 73, ನನ್ನ ಜೊತೆ ಅದೇ ಕಾರ್ಖಾನೆಯಲ್ಲಿ ಪಕ್ಕದ ಲೇಥಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ನನಗಿಂತ ಎರಡು ವರ್ಷ ದೊಡ್ಡವರಾದರೂ ನಮ್ಮದು ಏಕವಚನದ ಸ್ನೇಹ. ಅವರ ಹೆಂಡತಿ ಶಿವದೇವಿಯವರು 2014ರಲ್ಲಿ ತೀರಿಕೊಂಡರು. ಆಗಿನಿಂದ ಅವರು ನನ್ನ ಮನೆಯಿಂದ 350 ಮೀಟರ್ ದೂರದಲ್ಲಿ ಮಗಳು ಶ್ರೀವಿದ್ಯಾಳ ಮನೆಯಲ್ಲಿ ಇದ್ದಾರೆ. ಮೂರು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ಹೆಸರು, ತಾರೀಖು, ಊಟ ಮಾಡಿದ್ದು ಮರೆಯುತ್ತದೆ. ಗಡಿಯಾರ ನೋಡುವುದನ್ನು ಮಾತ್ರ ಅವರು ಮರೆತಿರಲಿಲ್ಲ.

ನಮಗಿಬ್ಬರಿಗೂ ನ್ಯಾರೋಗೇಜ್ ರೈಲಿನ ಮಾದರಿ ಕಟ್ಟುವ ಹವ್ಯಾಸ ಇದೆ. ಇದು ಮಕ್ಕಳ ಆಟಿಕೆ ಅಲ್ಲ. ಆಟಿಕೆ ಎಂದು ಬರೆದಿದ್ದರೆ ದಯವಿಟ್ಟು ಹೊಡೆದು ಹಾಕಬೇಕು. ವೀರಭದ್ರಪ್ಪನ ತಂದೆ ಒಂದು ಕಲ್ಲುಗಣಿಯ ಖಾಸಗಿ ರೈಲಿನಲ್ಲಿ ಡ್ರೈವರ್ ಆಗಿದ್ದರು. ಎರಡಡಿ ಅಗಲದ ಹಳಿ, ಜಂಕ್ಷನ್‌ನಿಂದ ಗಣಿಯವರೆಗೆ 26 ಕಿಲೋಮೀಟರ್. ಆ ಹಳಿಯನ್ನು ಕಿತ್ತು ಐವತ್ತು ವರ್ಷದ ಮೇಲಾಯಿತು. ಅದನ್ನು ನಾವು 2006ರಿಂದ ನನ್ನ ಮನೆಯ ಮೇಲಿನ ಕೋಣೆಯಲ್ಲಿ, ಪ್ಲೈವುಡ್ ಹಲಗೆಗಳ ಮೇಲೆ, ನಲವತ್ಮೂರರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ ಕಟ್ಟಿದ್ದೇವೆ. ಇಂಜಿನನ್ನು ಹಿತ್ತಾಳೆ ತಗಡಿನಿಂದ ವೀರಭದ್ರಪ್ಪನೇ ಮಾಡಿದ್ದು. ಉದ್ದ 14 ಸೆಂಟಿಮೀಟರ್, ತೂಕ 640 ಗ್ರಾಂ. ತಂದೆಯ ಒಂದು ಮಸುಕು ಫೋಟೋ ನೋಡಿ ರಿವೆಟ್ ಎಣಿಸಿ ಮಾಡಿದ್ದರಿಂದ ಎರಡೂವರೆ ವರ್ಷ ಹಿಡಿಯಿತು. ಅಳತೆಗೆ ಸರಿಯಾಗಿ ಹಳಿಯ ಅಗಲ 14 ಮಿಲಿಮೀಟರ್ ಇರಬೇಕಿತ್ತು. ಅಂಗಡಿಯಲ್ಲಿ ಸಿಗುವುದು ಹದಿನಾರೂವರೆ ಎಂದು ನಾನು ಅದನ್ನೇ ತಂದು ಹಾಸಿದೆ. ಆ ಎರಡೂವರೆ ಮಿಲಿಮೀಟರನ್ನು ಅವನು ಹತ್ತೊಂಬತ್ತು ವರ್ಷ ಕ್ಷಮಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕಟ್ಟಬೇಕು ಎನ್ನುವವನು ಅವನು, ಚೆಂದ ಕಂಡರೆ ಸಾಕು ಎನ್ನುವವನು ನಾನು.

ಗಣಿ ಸ್ಟೇಷನ್ ಕಟ್ಟಿ ಮುಗಿದ ಮೇಲೆ ಕೊನೆಯಲ್ಲಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಖಾಲಿ ಉಳಿಯಿತು. ಅಲ್ಲಿ ಇನ್ನೊಂದು ಸ್ಟೇಷನ್ ಮಾಡೋಣ ಎಂದೆ. ಇಲ್ಲದ ಊರಿಗೆ ಹಳಿ ಹಾಕುವುದಿಲ್ಲ ಎಂದು ಅವನು ಎರಡು ವರ್ಷ ಜಗಳ ತೆಗೆದ. ಶಿವದೇವಿಯವರು ಹೋದ ಮೇಲೆ ಜಗಳ ಬಿಟ್ಟ, ನಿನಗೆ ತೋಚಿದ್ದು ಮಾಡು ಅಂದ. ನಾನು ಒಂದು ಬೇವಿನ ಮರ, ಅದರ ಸುತ್ತ ಕಟ್ಟೆ, ಒಂದು ಬೋರ್ಡು ಮಾಡಿ ಬೇವಿನಕಟ್ಟಿ ಹಾಲ್ಟ್ ಎಂದು ಬರೆದೆ. ಕಟ್ಟೆಯ ಮೇಲೆ ಹಸಿರು ಇಳಕಲ್ ಸೀರೆಯ ಹೆಂಗಸಿನ ಬೊಂಬೆಯೊಂದನ್ನು ಕೂರಿಸಿದೆ, ಎತ್ತರ 28 ಮಿಲಿಮೀಟರ್. ನಾನು ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ, ಹಸಿರು ಬಣ್ಣ ಡಬ್ಬಿಯಲ್ಲಿ ಉಳಿದಿತ್ತು. ವೀರಭದ್ರಪ್ಪ ಬಗ್ಗಿ ಬಹಳ ಹೊತ್ತು ನೋಡಿದ. ಅದು ಶಿವದೇವಿ, ಗಾಡಿಗೆ ಕಾಯುತ್ತಿದ್ದಾಳೆ ಎಂದ. ನಾನು ಹೌದು ಎಂದೆ.

ಇನ್ನೊಂದು ವಿಷಯ ಬರೆಯಬೇಕು. ಅದು ತನಿಖೆಗೆ ಬೇಕಿಲ್ಲ ಎಂದು ಚಂದ್ರಹಾಸ ಅವರು ಹೇಳುತ್ತಿದ್ದಾರೆ, ಬೇಕು ಎಂದು ನಾನು ಹೇಳುತ್ತಿದ್ದೇನೆ. ರೈಲು ಕೊನೆಯ ಸ್ಟೇಷನ್ ಮುಟ್ಟಿದ ಮೇಲೆ ಇಂಜಿನ್ ಬಿಡಿಸಿಕೊಂಡು, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಗಾಡಿಯ ಇನ್ನೊಂದು ತುದಿಗೆ ಸೇರಬೇಕು. ಬೇವಿನಕಟ್ಟಿಯಲ್ಲಿ ಪಕ್ಕದ ಹಳಿಗೆ ಜಾಗ ಇರಲಿಲ್ಲ. ಆದ್ದರಿಂದ ಇಂಜಿನನ್ನು ಕೈಯಿಂದಲೇ ಎತ್ತಿ, ಮುಖ ತಿರುಗಿಸಿ, ಆ ಕಡೆ ಇಡುತ್ತಿದ್ದೆವು. ವೀರಭದ್ರಪ್ಪ ಜಂಕ್ಷನ್ ತುದಿಯಲ್ಲಿ ಕೂತು ಗಾಡಿ ಬಿಡುತ್ತಿದ್ದ, ನಾನು ಬೇವಿನಕಟ್ಟಿ ತುದಿಯಲ್ಲಿ ಕೂತು ಇಂಜಿನ್ ತಿರುಗಿಸುತ್ತಿದ್ದೆ. ತಿರುಗಿಸುವ ಕೆಲಸವನ್ನು ಅವನು ಒಂದು ದಿನವೂ ಮಾಡಿಲ್ಲ.

ಕಾಯಿಲೆ ಬಂದ ಮೇಲೂ ಅವನು ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ ಮತ್ತು ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಿದ್ದ. ಬೇವಿನಕಟ್ಟಿಗೆ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದ. ಎದುರು ಆಡಬೇಡಿ, ಹೌದು ಎನ್ನಿ ಎಂದು ವೈದ್ಯರು ಹೇಳಿದ್ದರಂತೆ. ಶ್ರೀವಿದ್ಯಾ ಅದನ್ನು ನನಗೂ ಹೇಳಿದ್ದಳು. ಪದೇಪದೇ ಕೇಳುವುದು ತಪ್ಪಲಿ ಎಂದು ನಾನೇ ಕನ್ನಡದಲ್ಲಿ ಒಂದು ಟೈಮ್‌ಟೇಬಲ್ ಬರೆದು, ನಾರಾಯಣಗೂಡದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ಕೊಟ್ಟೆ. ಜಂಕ್ಷನ್ ಬಿಡುವುದು 9.10, ಬೇವಿನಕಟ್ಟಿ ಮುಟ್ಟುವುದು 12.40. ಹೋಗುವ ಗಾಡಿಯ ಸಮಯ ಮಾತ್ರ ಬರೆದಿದ್ದೆ. ವಾಪಸು ಬರುವ ಗಾಡಿಯನ್ನು ಬರೆಯಬೇಕು ಅನ್ನಿಸಲಿಲ್ಲ.

ದಿನಾಂಕ 09.11.2025 ಭಾನುವಾರ ಬೆಳಿಗ್ಗೆ 10ರಿಂದ 11ರ ಒಳಗೆ ಅವನು ಅದೇ ಪ್ರಶ್ನೆಯನ್ನು ಆರು ಸಲ ಕೇಳಿದ. ನಾನು ಆಗ ಕಡ್ಡಿಯಷ್ಟು ದಪ್ಪದ ತಂತಿಗೆ ಬೆಸುಗೆ ಹಾಕುತ್ತಿದ್ದೆ, ಆರನೆಯ ಸಲ ಕೈ ಅಲುಗಿ ಬೆರಳು ಸುಟ್ಟಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಕಾರ್ಖಾನೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಆಡಿದ ಮಾತನ್ನು ತಿದ್ದದೆ ಹೀಗೇ ಬರೆದುಕೊಳ್ಳಬೇಕು:

"ಎಷ್ಟ್ ಸಲ ಕೇಳ್ತಿಯೋ? ಟೈಮ್‌ಟೇಬಲ್ ನಿನ್ನ ಕೈಯಾಗ ಐತಿ. ಅಷ್ಟು ಜೀವ ಹೊಡಕೊಳ್ಳಾಕತ್ತಿದ್ರ ನೀನ ಹೋಗಿ ನೋಡಕೊಂಡ್ ಬಾ, ನನ್ನ ತಲಿ ತಿನ್ನಬ್ಯಾಡ."

ಅವನು "ಇಂಜಿನ್ ಒಯ್ಯಲೇನು?" ಎಂದು ಕೇಳಿದ. ಒಯ್ಯಿ ಮಾರಾಯ ಎಂದೆ. ಅವನು ಇಂಜಿನನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದ. ನನ್ನ ಹೆಂಡತಿ ಸುಭದ್ರಾ ಕೆಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಸಂಜೆ ಹೋಗಿ ಮಾತಾಡಿಸಿಕೊಂಡು ಬನ್ನಿ ಎಂದಳು. ನಾನು ಹೋಗಲಿಲ್ಲ.

ದಿನಾಂಕ 10.11.2025 ಸೋಮವಾರ ಒಂಬತ್ತೂವರೆಗೆ ಅವನು ಬರಲಿಲ್ಲ. ಮುನಿಸಿಕೊಂಡಿದ್ದಾನೆ, ಇರಲಿ, ಎಷ್ಟು ದಿನ ಇರುತ್ತಾನೆ ನೋಡೋಣ ಎಂದುಕೊಂಡೆ. ಶ್ರೀವಿದ್ಯಾ ಕೆಲಸಕ್ಕೆ ಹೋಗಿದ್ದಳು, ಅಪ್ಪ ನನ್ನ ಮನೆಯಲ್ಲಿದ್ದಾರೆ ಎಂದು ತಿಳಿದಿದ್ದಳು. ಮಧ್ಯಾಹ್ನ 1.20ಕ್ಕೆ ಅವಳು ಫೋನ್ ಮಾಡಿ ಅಪ್ಪ ಗುಳಿಗೆ ತೆಗೆದುಕೊಂಡರೇ ಎಂದು ಕೇಳಿದಾಗಲೇ ನಮಗಿಬ್ಬರಿಗೂ ಗೊತ್ತಾದದ್ದು. ಶ್ರೀವಿದ್ಯಾಳ ಎದುರು ಮನೆಯವರ ಪ್ರಕಾರ ಅವನು ಬಿಳಿ ಅಂಗಿ, ಬೂದು ಪ್ಯಾಂಟು, ಕಂದು ಚಪ್ಪಲಿ ಹಾಕಿಕೊಂಡು ಡಬ್ಬಿ ಹಿಡಿದು ಗೇಟು ದಾಟಿದ್ದು 9.10ಕ್ಕೆ. ಅವರು ಹೆಚ್ಚುಕಡಿಮೆ ಎಂದರು. ಹೆಚ್ಚುಕಡಿಮೆ ಅಲ್ಲ, ಸರಿಯಾಗಿ 9.10 ಎಂದು ನಾನು ಹೇಳಬಲ್ಲೆ. ನಾಲ್ಕು ಗಂಟೆಯವರೆಗೆ ಸ್ಕೂಟರಿನಲ್ಲಿ ಓಣಿ ಓಣಿ ಹುಡುಕಿ, 4.35ಕ್ಕೆ ಠಾಣೆಗೆ ಬಂದು ದೂರು ಕೊಟ್ಟೆವು.

ಆ ದಿನ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದವರು, ವೀರಭದ್ರಪ್ಪ ಎಲ್ಲಿಗೆ ಹೋಗಿರಬಹುದು ಎಂದು ಕೇಳಿದರು. ಬೇವಿನಕಟ್ಟಿಗೆ ಎಂದೆ. ಅದು ಯಾವ ಮಂಡಲ, ಯಾವ ಜಿಲ್ಲೆ ಎಂದು ಕೇಳಿದರು. ನನ್ನ ಮನೆಯ ಮೇಲಿನ ಕೋಣೆ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಅದರಲ್ಲಿ ಅವರ ತಪ್ಪಿಲ್ಲ.

ದಿನಾಂಕ 11.11.2025 ಮಂಗಳವಾರ ಸಂಜೆ, ಮೆಹದಿಪಟ್ಟಣಂ ಬಸ್ ನಿಲ್ದಾಣದ ಕ್ಯಾಮೆರಾದಲ್ಲಿ ಅವನು ಸೋಮವಾರ 10.50ರ ವಿಕಾರಾಬಾದ್ ಬಸ್ ಹತ್ತಿದ್ದು ಕಂಡುಬಂತು. ಅವನ ತಂದೆ ಗಾಡಿ ಓಡಿಸುತ್ತಿದ್ದ ಗಣಿಯ ದಿಕ್ಕೂ ಅದೇ, ಪಶ್ಚಿಮ. ಆ ಬಸ್ಸಿನ ಕಂಡಕ್ಟರ್ ಅಮ್ಮ ಅವನನ್ನು ನೆನಪಿಟ್ಟುಕೊಂಡಿದ್ದರು. ಬೇವಿನಕಟ್ಟಿಗೆ ಟಿಕೆಟ್ ಕೇಳಿದರಂತೆ, ಅಂಥ ಊರಿಲ್ಲ ಎಂದಾಗ ಲ್ಯಾಮಿನೇಷನ್ ಮಾಡಿದ ಚೀಟಿ ತೋರಿಸಿದರಂತೆ. ಕನ್ನಡ ಓದಲು ಬಾರದ್ದರಿಂದ, ಮುಂದೆ ಕರ್ನಾಟಕದ ಕಡೆಯ ಹಳ್ಳಿ ಇರಬೇಕೆಂದು ಆಕೆ ಕೊನೆಯ ಸ್ಟಾಪಿನವರೆಗೆ ಟಿಕೆಟ್ ಕೊಟ್ಟರು. ಚೇವೆಳ್ಳ ದಾಟಿ ಒಂದಷ್ಟು ದೂರ ಹೋದ ಮೇಲೆ ಅವನು ಕೈಗಡಿಯಾರ ನೋಡಿ ಎದ್ದು ನಿಂತ. ಕಿಟಕಿಯಾಚೆ ಕಟ್ಟೆ ಇರುವ ಬೇವಿನ ಮರ ಇತ್ತು. ಊರು ಬಂತು, ಟೈಮಿಗೆ ಸರಿಯಾಗಿ ಬಂತು ಎಂದು ಹಿಂದಿಯಲ್ಲಿ ಹೇಳಿ, ಸ್ಟಾಪು ಅಲ್ಲದಿದ್ದರೂ ಹಟ ಹಿಡಿದು ಇಳಿದ. ಮುಖ ಬಹಳ ಖುಷಿಯಾಗಿತ್ತು, ಅದಕ್ಕೇ ಇಳಿಸಿದೆ ಎಂದು ಆಕೆ ಅತ್ತರು. ಸಮಯ ಸುಮಾರು 12.40 ಎಂದು ಬರೆಸಿದ್ದಾರೆ.

ದಿನಾಂಕ 12.11.2025 ಬುಧವಾರ ಬೆಳಿಗ್ಗೆ 8.15ಕ್ಕೆ ನಾನು, ಶ್ರೀವಿದ್ಯಾ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳು ಆ ಮರದ ಹತ್ತಿರ ಮುಟ್ಟಿದೆವು. ರಸ್ತೆಯಿಂದ ಮರಕ್ಕೆ 22 ಹೆಜ್ಜೆ. ಸುತ್ತ ಅರ್ಧ ಕಿಲೋಮೀಟರ್ ಒಂದು ಮನೆಯೂ ಇಲ್ಲ. ಕಟ್ಟೆಯ ಮೇಲೆ ಯಾರೂ ಕೂತಿರಲಿಲ್ಲ. ತಗಡಿನ ಡಬ್ಬಿ ತೆರೆದಿತ್ತು. ಫ್ಲಾನೆಲ್ ಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸಿ ಅದರ ಮೇಲೆ ಇಂಜಿನ್ ಇಟ್ಟಿತ್ತು. ಪಕ್ಕದಲ್ಲಿ ಟೈಮ್‌ಟೇಬಲ್, ಅದು ಹಾರಿಹೋಗದಂತೆ ಮೇಲೊಂದು ಕಲ್ಲು. ಕಾನ್‌ಸ್ಟೇಬಲ್‌ಗಳಲ್ಲಿ ಒಬ್ಬರು ಫೋಟೋ ತೆಗೆದು, ಯಾವುದನ್ನೂ ಮುಟ್ಟಬಾರದೆಂದು ಹೇಳಿ, ಪಂಚನಾಮೆಗೆ ಜನ ಕರೆಯಲು ಹೋದರು. ಇನ್ನೊಬ್ಬರು ಶ್ರೀವಿದ್ಯಾಳಿಗೆ ನೀರು ತರಲು ಜೀಪಿನ ಹತ್ತಿರ ಹೋದರು.

ಅದೇ ದಿನ 11.30ಕ್ಕೆ, ಮರದಿಂದ 600 ಮೀಟರ್ ಪಶ್ಚಿಮಕ್ಕೆ, ಬಿಟ್ಟುಹೋದ ಒಂದು ಕಲ್ಲುಗಣಿಯ ಗುಂಡಿಯ ಅಂಚಿನಲ್ಲಿ ಕಂದು ಚಪ್ಪಲಿ ಒಂದು ಸಿಕ್ಕಿತು. ಗುಂಡಿಯ ತುಂಬ ನೀರು. ಚಪ್ಪಲಿ ಅಪ್ಪನದೇ ಎಂದು ಶ್ರೀವಿದ್ಯಾ ಗುರುತಿಸಿದಳು. ಈಜುಗಾರರು ಬುಧವಾರ ಮಧ್ಯಾಹ್ನ ಮತ್ತು ಗುರುವಾರ ಇಡೀ ದಿನ ಇಳಿದು ನೋಡಿದರು. ತಳ ಸಿಗುತ್ತಿಲ್ಲ, ಕಲ್ಲು ಕೊಯ್ದ ಸಂದುಗಳಿವೆ, ತಾವಾಗಿ ಮೇಲೆ ಬಂದರೆ ಬಂದಂತೆ ಎಂದರು. ಶ್ರೀವಿದ್ಯಾ ಆಮೇಲೆ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದಳು: "ಕಾಕಾ, ಹೋಗು ಅಂತ ನೀವ ಹೇಳಿದ್ರೇನ್ರಿ?" ಹೌದವ್ವಾ ಎಂದೆ. ಅವಳು ಈಗ ನನ್ನ ಜೊತೆ ಮಾತಾಡುತ್ತಿಲ್ಲ. ಮಾತಾಡಬೇಕೆಂದು ನಾನೂ ಕೇಳುವುದಿಲ್ಲ.

ಇಂದು ನನ್ನನ್ನು ಕರೆಸಿರುವುದು, ಬುಧವಾರ ತೆಗೆದ ಫೋಟೋದಲ್ಲಿ ಇಂಜಿನಿನ ಮುಖ ಒಂದು ಕಡೆಗೂ ಪಂಚನಾಮೆಯಲ್ಲಿ ಇನ್ನೊಂದು ಕಡೆಗೂ ಇರುವುದು ಏಕೆ ಎಂದು ಕೇಳಲು. ಅದಕ್ಕೆ ಉತ್ತರ ಹೀಗಿದೆ. ನಾವು ಮುಟ್ಟಿದಾಗ ಇಂಜಿನ್ ಪಶ್ಚಿಮಕ್ಕೆ ಮುಖ ಮಾಡಿತ್ತು, ಅಂದರೆ ಬಂದು ನಿಂತ ಹಾಗೇ ಇತ್ತು. ಅದನ್ನು ತಿರುಗಿಸುವ ಕೆಲಸ ಅವನದಲ್ಲ. ಯಾರಾದರೂ ಬಂದು ತಿರುಗಿಸುತ್ತಾರೆ ಎಂದು ಅವನು ಆ ಕಟ್ಟೆಯ ಮೇಲೆ ಎಷ್ಟು ಹೊತ್ತು ಕಾದನೋ ನನಗೆ ತಿಳಿಯದು. ಕಾನ್‌ಸ್ಟೇಬಲ್‌ಗಳು ಆಚೆ ಹೋದಾಗ, ಮುಟ್ಟಬಾರದೆಂದು ಗೊತ್ತಿದ್ದೂ, ನಾನು ಇಂಜಿನನ್ನು ಎರಡೂ ಕೈಯಿಂದ ಎತ್ತಿ ಹೈದರಾಬಾದಿನ ಕಡೆಗೆ ಮುಖ ಮಾಡಿ ಇಟ್ಟೆ. ಸಾಕ್ಷ್ಯ ಕೆಡಿಸುವ ಉದ್ದೇಶ ಇರಲಿಲ್ಲ. ನಾನು ಎರಡು ದಿನ ತಡವಾಗಿ ಬಂದಿದ್ದೆ, ಅಷ್ಟೇ.

ಬರೆದುಕೊಂಡದ್ದನ್ನು ಚಂದ್ರಹಾಸ ಅವರು ಓದಿ ಹೇಳಿದರು, ನಾನೂ ಕಣ್ಣಾರೆ ಓದಿದೆ. ಯಾರ ಒತ್ತಾಯವೂ ಇಲ್ಲ. ಇದರಲ್ಲಿರುವ ಹೊತ್ತು, ದೂರ, ಮಾತು ಎಲ್ಲವೂ ನಿಜ. ಬೇವಿನಕಟ್ಟಿ ಒಂದು ಮಾತ್ರ ಸುಳ್ಳು, ಅದನ್ನು ಕಟ್ಟಿದವನು ನಾನು.

ಸ್ಥಳ: ನಾಚಾರಂ, ಹೈದರಾಬಾದ್
ದಿನಾಂಕ: 14.11.2025, ಮಧ್ಯಾಹ್ನ 12.40

(ಸಹಿ) ನರಹರಿ ಶ್ರೀಪಾದ ದೇಸಾಯಿ