ಸ್ಟ್ಯಾಂಡಿನ ಮೇಲಿನ ಸವಾರಿ

ಕಡಲ ಬದಿಯ ಒಂದು ಪೇಟೆ ಅಂದುಕೊಳ್ಳಿ. ಆ ಪೇಟೆಯಲ್ಲಿ ಒಬ್ಬ ಗೇರುಬೀಜದ ಸಾಹುಕಾರ. ಅವನ ಹೆಸರು ಬೇಡ. ಹೆಸರು ಹೇಳಿದರೆ ನೀವು ಅವನ ಕಡೆ ನೋಡುತ್ತೀರಿ, ನಿಮ್ಮ ಕಡೆ ನೋಡಿಕೊಳ್ಳುವುದಿಲ್ಲ. ಗೇರಿನಿಂದಲೇ ಮೇಲೆ ಬಂದ ಮನುಷ್ಯ; ಆದರೆ ಅಂಗಳದಲ್ಲಿದ್ದ ತನ್ನ ಹಳೆಯ ಮೋಟಾರ್ ಸೈಕಲ್ಲಿಗೆ ಗೇರು ಹಾಕಿ ಮೂರು ವರ್ಷವಾಗಿತ್ತು. ನಗಿ, ನಗಿ. ಕೊನೆಯವರೆಗೂ ಹೀಗೇ ನಗುತ್ತೀರೋ ನೋಡೋಣ.

ಓಡಿಸದಿದ್ದರೂ ಆ ಗಾಡಿಯೆಂದರೆ ಅವನಿಗೆ ಪ್ರಾಣ. ಮದುವೆಯಾದ ವಾರದಲ್ಲಿ ಹೆಂಡತಿ ಗುಲಾಬಿಯನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ಮೇಲೆ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭಕ್ಕೆ ಹೋಗಿದ್ದು ಅದರಲ್ಲೇ. ತನ್ನ ಬಾಳಿನಲ್ಲಿ ತುಂಬು ಸುಖದ ದಿನ ಅಂತ ಒಂದಿದ್ದರೆ ಅದೇ ಎಂದು ಅವನು ನಂಬಿದ್ದ. ಆ ದಿನ ಈಗ ಎಲ್ಲಿದೆ? ಎಂಜಿನ್ನಿನ ಸದ್ದಿನಲ್ಲಿದೆ. ಸದ್ದು ನಿಂತರೆ ದಿನವೂ ಹೋಯಿತು. ಇದು ಅವನ ಭಯ.

ಆದ್ದರಿಂದ ಏನು ಮಾಡುತ್ತಿದ್ದ, ನೋಡಿ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ಗಂಧ ಹಚ್ಚಿ, ಹಳೇ ಬನಿಯನ್ನಿನ ಮೆತ್ತನೆಯ ಬಟ್ಟೆಯಲ್ಲಿ ಟ್ಯಾಂಕು ಒರೆಸಿ, ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೇ ಹತ್ತಿ ಕೂತು ಒಂದು ಕಿಕ್ ಹೊಡೆಯುತ್ತಿದ್ದ. ಡುಗು... ಡುಗು... ಡುಗುಡುಗು. ಕಣ್ಣು ಮುಚ್ಚುತ್ತಿದ್ದ. ಮುಚ್ಚಿದೊಡನೆ ಅಂಗಳ ಕರಗುತ್ತಿತ್ತು. ತುಳಸಿಕಟ್ಟೆ ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಎರಡೂ ಬದಿಯಿಂದ ಗಾಳಿಮರಗಳು ಎದ್ದು ಬಂದು ಸಾಲಾಗಿ ನಿಲ್ಲುತ್ತಿದ್ದವು, ಅವುಗಳ ನಡುವೆ ಕಡಲು ತುಂಡು ತುಂಡಾಗಿ ಹೊಳೆಯುತ್ತಿತ್ತು. ಉಪ್ಪುಗಾಳಿ. ಭುಜದ ಮೇಲೆ ಒಂದು ಕೈ, ಹಸಿರು ಬಳೆಯ ಕೈ. ರಸ್ತೆ ಏರುತ್ತಾ, ಏರುತ್ತಾ, ನೆಲವೇ ಮುಗಿದು ಬರೀ ಬೆಳಕು ಉಳಿಯುತ್ತಿತ್ತು. ಅಷ್ಟರಲ್ಲಿ ಎರಡು ನಿಮಿಷ. ಹೆಚ್ಚು ಹೊತ್ತು ಬಿಟ್ಟರೆ ಎಂಜಿನ್ ಸವೆದೀತು ಎಂದು ಕೀಲಿ ತಿರುಗಿಸಿ ಇಳಿಯುತ್ತಿದ್ದ. ಚಕ್ರ ಒಂದು ಗೇಣೂ ಮುಂದೆ ಹೋಗಿರುತ್ತಿರಲಿಲ್ಲ. ಸಾಹುಕಾರ ದೀಪಸ್ತಂಭ ನೋಡಿ ಬಂದಿರುತ್ತಿದ್ದ.

ಇತ್ತ ಅಡುಗೆಮನೆಯ ಕಿಟಕಿಯಲ್ಲಿ ನಿಜವಾದ ಗುಲಾಬಿ. ಕನಸಿನಲ್ಲಿ ಭುಜ ಹಿಡಿದವಳಿಗೆ ಇಪ್ಪತ್ತೊಂದು. ಕಿಟಕಿಯಲ್ಲಿದ್ದವಳು ಅವನ ಜೊತೆ ಮೂವತ್ತೊಂದು ವರ್ಷ ಸಂಸಾರ ಮಾಡಿದವಳು. ಹೇಗೂ ಸ್ಟಾರ್ಟ್ ಮಾಡಿದ್ದೀರಿ, ದೀಪಸ್ತಂಭದವರೆಗೆ ಹೋಗಿ ಬರೋಣವೇ ಎಂದು ಒಮ್ಮೆ ಕೇಳಿದ್ದಳು. ರಸ್ತೆಯೆಲ್ಲ ಧೂಳು, ಗಾಡಿ ಹಾಳಾಗುತ್ತದೆ, ಬೇಕಾದರೆ ಡ್ರೈವರನ್ನು ಕರೆದುಕೊಂಡು ಕಾರಿನಲ್ಲಿ ಹೋಗು ಎಂದಿದ್ದ. ಆಕೆ ಮತ್ತೆ ಕೇಳಲಿಲ್ಲ.

ಒಂದು ಸೋಮವಾರ ಕಿಕ್ ಹೊಡೆದ. ಸದ್ದಿಲ್ಲ. ಹತ್ತು ಸಲ ಹೊಡೆದ, ಇಪ್ಪತ್ತು ಸಲ ಹೊಡೆದ. ಹಣೆಯ ಗಂಧ ಬೆವರಿನ ಜೊತೆ ಮೂಗಿಗಿಳಿಯಿತು. ಎಂಜಿನ್ ಒಮ್ಮೆ ಮುದುಕರ ಹಾಗೆ ಸೀನಿ ಸುಮ್ಮನಾಯಿತು. ಸಾಹುಕಾರ ಕಣ್ಣು ಮುಚ್ಚಿ ನೋಡಿದ. ಗಾಳಿಮರಗಳು ಬರಲಿಲ್ಲ.

ಮೆಕ್ಯಾನಿಕ್ ಲಾದ್ರುವನ್ನು ಕರೆಸಿದ. ಈ ಲಾದ್ರು ಮಾತಾಡುವುದು ಮೂಗಿನಲ್ಲಿ; ಅರ್ಧ ಮಾತು ಗಾಡಿಯ ಹತ್ತಿರ, ಉಳಿದರ್ಧ ಗಾಡಿಯವನ ಹತ್ತಿರ. ಪ್ಲಗ್ ಬಿಚ್ಚಿದ, ಕಾಡಿಗೆಯ ಕಪ್ಪು. ಕೆಳಗೆ ತಗಡಿನ ತಟ್ಟೆಯಿಟ್ಟು ಆಯಿಲ್ ಇಳಿಸಿದ. ಕಪ್ಪಗೆ ಬರಬೇಕಾದದ್ದು ಬೆಳ್ಳಗೆ, ಗಟ್ಟಿ ಮಜ್ಜಿಗೆಯ ಹಾಗೆ ಬಂದು ಬಿತ್ತು. ಸಾಹುಕಾರನಿಗೆ ಏನೂ ಅರ್ಥವಾಗಲಿಲ್ಲ. ದಿನಾ ಸ್ಟಾರ್ಟ್ ಮಾಡುತ್ತಿದ್ದೆ, ಒಂದು ದಿನವೂ ತಪ್ಪಿಸಿಲ್ಲ, ಎರಡೇ ನಿಮಿಷ, ಎಂದು ಹೇಳಿಕೊಂಡ.

"ಅದೇ ಅಲ್ವಾ ರೋಗ" ಎಂದ ಲಾದ್ರು. "ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಆದ ಕೂಡ್ಲೆ ಒಳಗೆ ಬೆವರ್ತದೆ ಸಾವ್ಕಾರ್ರೆ. ಸರಿಯಾಗಿ ಬಿಸಿ ಆದ್ರೆ ಆ ನೀರು ಆವಿಯಾಗಿ ಹೋಗ್ತದೆ. ನೀವು ಬಿಸಿ ಆಗ್ಲಿಕ್ಕೆ ಬಿಡ್ಲೇ ಇಲ್ಲ. ದಿನಾ ಚೂರು ಚೂರು ನೀರು ಒಳಗೇ ಉಳೀತು. ಮುಟ್ಟದೆ ಇಟ್ಟಿದ್ರೂ ಇಷ್ಟು ಹಾಳಾಗ್ತಿರ್ಲಿಲ್ಲ."

"ಉಳೀತದಾ?"

ಲಾದ್ರು ಬಿಳಿ ಆಯಿಲನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದ. "ಬೇರಿಂಗಿಗೆ ತುಕ್ಕು ಹಿಡಿದ ಹಾಗೆ ಕಾಣುದಿಲ್ಲ. ಇನ್ನೊಂದು ಮಳೆಗಾಲ ಹೀಗೇ ಹೋದ್ರೆ ಮತ್ತೆ ನನ್ನ ಕೈಯಲ್ಲಿಲ್ಲ."

ಹೊಸ ಆಯಿಲ್ ಹಾಕಿದ, ಪ್ಲಗ್ ಬದಲಿಸಿದ, ಬ್ರೇಕು ಟಯರು ನೋಡಿದ. ಆಮೇಲೆ ಪಥ್ಯ ಹೇಳಿದ. ವಾರಕ್ಕೊಮ್ಮೆಯಾದರೂ ಇಪ್ಪತ್ತು ಮೈಲಿ ಓಡಬೇಕು. ಮೊದಲು ನಿಧಾನ, ಬಿಸಿಯಾದ ಮೇಲೆ ಒಂದು ಏರು ಹತ್ತಿಸಬೇಕು. ಖಾಲಿ ಹತ್ತಿಸಿದರೆ ಸಾಲದು, ಹಿಂದೆ ಭಾರ ಬೇಕು. ಒಂದು ಮೂಟೆ ಗೇರುಬೀಜ ಕಟ್ಟಿಕೊಂಡರೆ ಆದೀತೇ ಎಂದು ಸಾಹುಕಾರ ಕೇಳಿದ. ಲಾದ್ರು ಕಿಟಕಿಯ ಕಡೆ ನೋಡಿದ, ಸಾಹುಕಾರನ ಕಡೆ ನೋಡಿದ.

"ಮೂಟೆ ತಿರುವಿನಲ್ಲಿ ಬಗ್ಗುದಿಲ್ಲ ಸಾವ್ಕಾರ್ರೆ. ಮನುಷ್ಯರನ್ನು ಕೂರಿಸಿ."

ಭಾನುವಾರ ಗಂಡ ಹೆಂಡತಿ ಹೊರಟರು. ಕನಸಿನ ರಸ್ತೆಯಲ್ಲಿ ಹೊಂಡ ಇರಲಿಲ್ಲ, ಇಲ್ಲಿತ್ತು. ಒಣಮೀನಿನ ವಾಸನೆ ಇತ್ತು, ಬೆನ್ನಿಗೇ ಬಂದು ಹಾರ್ನ್ ಹೊಡೆವ ಬಸ್ಸಿತ್ತು. ಭುಜದ ಮೇಲಿನ ಕೈ ಭಾರವಾಗಿತ್ತು, ಬೆಚ್ಚಗಿತ್ತು. ಏರಿನಲ್ಲಿ ಗಾಡಿ ಕೆಮ್ಮಿತು. ಸಾಹುಕಾರ ಗೇರು ಇಳಿಸಿದ, ಉಸಿರು ಬಿಗಿಹಿಡಿದ. ಹಿಂದಿನಿಂದ ಒಂದಿಷ್ಟು ಹೊಗೆ ಹೋಯಿತು. ಆಮೇಲೆ ನೋಡಿ, ಸದ್ದು ತುಂಬಿಕೊಂಡು, ಆಳವಾಗಿ, ಗುಡ್ಡದ ಒಳಗಿನಿಂದಲೇ ಬರುವಂತೆ ಬರತೊಡಗಿತು. ಅಂಗಳದಲ್ಲಿ ಅವನು ಇಂಥ ಸದ್ದನ್ನು ಕೇಳಿಯೇ ಇರಲಿಲ್ಲ.

ದೀಪಸ್ತಂಭದ ಕಟ್ಟೆಯ ಮೇಲೆ ಕೂತರು. ಕಡಲೂ ಆಕಾಶವೂ ಒಂದೇ ಬಣ್ಣವಾಗಿ, ದೂರದ ದೋಣಿಯೊಂದು ಯಾವುದರಲ್ಲಿ ತೇಲುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಆ ದಿನವೂ ಹೀಗೇ ಇತ್ತು, ಎಷ್ಟು ಖುಷಿಯಿತ್ತು ಎಂದ ಸಾಹುಕಾರ.

ಗುಲಾಬಿ ದೋಣಿಯನ್ನೇ ನೋಡುತ್ತಿದ್ದಳು. "ಆ ದಿನ ಇಡೀ ದಾರಿ ನಾನು ಅಳ್ತಾ ಇದ್ದೆ" ಎಂದಳು. "ತಂಗಿಯನ್ನು ಬಿಟ್ಟು ಬಂದದ್ದು ತಡೀಲಿಕ್ಕೆ ಆಗ್ಲಿಲ್ಲ. ನಿಮ್ಮ ಅಂಗಿಯ ಬೆನ್ನು ಪೂರಾ ಒದ್ದೆ. ಇಳಿದು ಮುಟ್ಟಿ ನೋಡಿಕೊಂಡು, ಕಡಲ ನೀರು ಹಾರಿದ್ದು ಅಂತ ನೀವೇ ಹೇಳಿದ್ರಿ. ನಾನೂ ಹೌದು ಅಂದೆ."

ಸಾಹುಕಾರನ ಕೈ ತನ್ನ ಅಂಗಿಯ ಬೆನ್ನಿಗೆ ಹೋಯಿತು. ದಿನಾ ಬೆಳಿಗ್ಗೆ ಯಾರನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದೆ ತಾನು? ಕಿಟಕಿಯಲ್ಲಿ ಯಾರನ್ನು ಬಿಟ್ಟು ಹೋಗುತ್ತಿದ್ದೆ? ಹೋಗೋಣ, ಹೊತ್ತಾಯಿತು ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡ.

"ಆಗ ತಂಗಿ ಎಷ್ಟು ದೊಡ್ಡವಳು?" ಎಂದು ಕೇಳಿದ.

ಆಕೆ ಅವನ ಮುಖ ನೋಡಿದಳು. ಆಮೇಲೆ ಹೇಳತೊಡಗಿದಳು. ತಲೆಯ ಮೇಲೆ ದೀಪ ಹೊತ್ತಿ ಕಡಲ ಮೇಲೆ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಆಕೆ ಇನ್ನೂ ಹೇಳುತ್ತಲೇ ಇದ್ದಳು.

ಈಗ ಹೇಳಿ, ಈ ಸಭೆಯಲ್ಲಿ ಸ್ಟ್ಯಾಂಡಿನ ಮೇಲೆ ಸವಾರಿ ಮಾಡುವವರು ಎಷ್ಟು ಜನ? ಕೈ ಎತ್ತಬೇಡಿ, ಪಕ್ಕದಲ್ಲಿ ಮನೆಯವರಿದ್ದಾರೆ. ದೇವರ ಮುಂದೆ ಎರಡು ನಿಮಿಷ. ಅಮ್ಮನಿಗೆ ಫೋನಿನಲ್ಲಿ ಎರಡು ನಿಮಿಷ: ಹಲೋ, ಊಟ ಆಯ್ತಾ, ಆರಾಮಾ, ಸರಿ ಇಡ್ತೇನೆ. ಒಂದು ದಿನವೂ ತಪ್ಪಿಸಿಲ್ಲ ಎನ್ನುತ್ತೀರಿ. ಅವನೂ ತಪ್ಪಿಸಿರಲಿಲ್ಲ. ತಪ್ಪಿಸದೆ ಮಾಡಿಯೇ ಕೆಡಿಸಿದ್ದ.

ಇವತ್ತು ಮನೆಗೆ ಹೋಗಿ. ಊಟ ಆಯ್ತಾ ಎಂದು ಕೇಳಿ. ಆಯ್ತು ಎಂಬ ಉತ್ತರ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ, ಎರಡನೆಯ ಪ್ರಶ್ನೆ ಕೇಳಿ. ಅದು ಯಾವುದೆಂದು ಇಲ್ಲಿಂದ ಹೇಳಿಕೊಡಲಾಗದು. ಅವರ ಮುಖ ನೋಡಿದರೆ ನಿಮಗೇ ತಿಳಿಯುತ್ತದೆ. ಮೊಬೈಲನ್ನು ಮಗುಚಿಟ್ಟು ಕೂತುಕೊಳ್ಳಿ. ಮೊದಲು ಗೊಣಗಾಟ ಬಂದೀತು. ಯಾವಾಗಿನದೋ ಸಿಟ್ಟು ಬಂದೀತು, ನಿಮ್ಮದೇ ತಪ್ಪು ನಿಮ್ಮೆದುರು ಬಂದು ನಿಂತೀತು. ಬರಲಿ. ಎದ್ದು ಹೋಗಬೇಡಿ.