ಬರ್ತೇನಿ ಅಂದಾಕಿ

ಅಣ್ಣಿಗೇರಿಯಲ್ಲಿ ಅಂದು ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ಪಡಸಾಲೆಯಲ್ಲಿ ಸುಭಾಸ ಮೊಬೈಲು ಹಿಡಿದು ಹೆಂಡತಿ ನಂದಾಳಿಗೆ ದಾರಿ ತೋರಿಸುತ್ತಿದ್ದ. ಮೊದಲು ಲಕ್ಕುಂಡಿ, ಅಲ್ಲಿಂದ ಬನವಾಸಿ, ಆಮೇಲೆ ಘಟ್ಟ ಇಳಿದು ಮುರುಡೇಶ್ವರ, ಕೊನೆಗೆ ಗೋಕರ್ಣದಲ್ಲಿ ಸಮುದ್ರಕ್ಕೆ ಮುಖ ಮಾಡಿದ ರೆಸಾರ್ಟು. ಎಲ್ಲೂ ಅವಸರವಿಲ್ಲ, ಮನಸ್ಸು ಬಂದಲ್ಲಿ ಕಾರು ನಿಲ್ಲಿಸುವುದು. ಮದುವೆಯಾದಾಗಿನಿಂದ ತವರು, ದವಾಖಾನೆ ಬಿಟ್ಟು ಎಲ್ಲಿಗೂ ಹೋಗದ ನಂದಾಳಿಗೆ ಎಷ್ಟು ಕೇಳಿದರೂ ಸಾಲದು.

ಅಡ್ಡಗಾಲು ಹಾಕಿದವಳು ಸುಭಾಸನ ಸೋದರತ್ತೆ ಶಾರದವ್ವ. ಗಂಡ ತೀರಿದ ಮೇಲೆ ಅವನ ಊರು ತಂಬೂರಿನಿಂದ ತವರಿಗೆ ಬಂದು ನೆಲೆಸಿದ ಮುದುಕಿ. ಕಣ್ಣು ಮಂಜಾಗಿತ್ತು, ನಾಲಿಗೆಯ ಹರಿತ ಹಾಗೇ ಇತ್ತು. ಆಕೆ ಬಂದರೆ ಎಲ್ಲರೂ ಹೋಗಬಹುದು. ಬರದಿದ್ದರೆ ಆಕೆಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯಬೇಕಾದವಳು ನಂದಾಳೇ. ಹಾಗಾಗಿ ಗಂಡ ಹೆಂಡತಿ ಸಂಜೆಯಿಂದ ಕರೆದದ್ದೇ ಕರೆದದ್ದು, ಮುದುಕಿ ಒಲ್ಲೆ ಅಂದದ್ದೇ ಅಂದದ್ದು. ಮಳೆಗೆ ಸಿಕ್ಕು ಒಳಗೆ ಬಂದು ಕೂತಿದ್ದ ಪಕ್ಕದ ಮನೆಯ ಮುಮತಾಜ್ ಕೂಡ ಒಂದು ಮಾತು ಸೇರಿಸಿದಳು. "ಹೋಗಿ ಬರ್ರಿ ಅತ್ತಿ, ಸಮುದ್ರ ಭಾಳ ಚಂದ ಇರ್ತೈತಿ."

"ನನಗ ಸಮುದ್ರದ ಸುದ್ದಿ ಹೇಳಬ್ಯಾಡ," ಅಂದಳು ಶಾರದವ್ವ.

ನಂದಾಳಿಗೆ ರೇಗಿತು. "ನಾ ಹೋಗಬಾರದು ಅಂತ ಹಟಾ ಹಿಡದೀರಿ ನೀವು, ಮತ್ತೇನಿಲ್ಲ. ಬಾಯಿ ಬಿಟ್ಟು ಹೇಳಿಬಿಡ್ರಿ."

ಮುದುಕಿ ಎಲೆಅಡಿಕೆಯ ಚೀಲವನ್ನು ಬಾಜು ಸರಿಸಿದಳು. "ಹೇಳ್ತೇನಿ, ಕುಂದರು. ನಡುವ ಬಾಯಿ ಹಾಕಬ್ಯಾಡ...

"ನಾ ತಂಬೂರಾಗ ಸೊಸಿಯಾಗಿದ್ದಾಗಿನ ಮಾತು. ಲೇ ಸುಭಾಸ, ನಿಮ್ಮ ಮಾಮಾಗೂ ನಿನ್ನಂಗ ಹುಕಿ ಬಂದಿತ್ತು, ಆರಾಮ ಬನವಾಸಿ ನೋಡೂಣು, ಗೋಕರ್ಣಕ್ಕ ಹೋಗೂಣು, ಸಮುದ್ರದ ದಂಡಿಗೆ ವಸ್ತಿ ಮಾಡೂಣು ಅಂತ. ಅಬ್ದುಲ್‌ಸಾಬನ ಜೀಪು ಹೇಳಿದ್ವಿ. ಮುಂದ ನಿಮ್ಮ ಮಾಮಾ, ಅಬ್ದುಲ್‌ಸಾಬ, ಹಿಂದ ನಾನು, ನನ್ನ ನೆಗೆಣ್ಣಿ ಮಹಾಲಕ್ಷ್ಮಿ. ಇಬ್ರಿಗೆ ಆ ಸೀಟು ಅಂದ್ರ ಮಲಕ್ಕೊಂಡು ಹೋಗಬೇಕು, ಅಷ್ಟು ಅಗಲ. ಮಹಾಲಕ್ಷ್ಮಿ ಬಾಯಿ ಅಂದ್ರ ಬೆಲ್ಲ. ಯಾರ್ನ ಕಂಡ್ರೂ ಬರ್ರಿ ಚಾ ಕುಡೀರಿ, ಬರ್ರಿ ಊಟಾ ಮಾಡ್ರಿ... ನಮ್ಮ ಕಡೆ ಎಲ್ಲಾರೂ ಅಂತೇವಲ್ಲ? ಅವ್ರು ಬರೂದಿಲ್ಲ ಅಂತ ಗೊತ್ತಿದ್ದೂ ಅಂತೇವಿ. ಅವ್ರೂ 'ಇರ್ಲಿ ಬಿಡ್ರಿ, ನಿಮ್ಮದಾಗ್ಲಿ' ಅಂತ ಹೋಗ್ತಾರ. ಅಷ್ಟಕ್ಕ ಮುಗೀತು.

"ಮುಂಡಗೋಡ ದಾಟಿ ಒಂದು ಕೆರಿ ದಂಡಿಗೆ ಬುತ್ತಿ ಬಿಚ್ಚಿದ್ವಿ. ಹಾಡಹಗಲು. ಒಬ್ಬಾಕಿ ಬಂದು ನಿಂತ್ಲು. ಹಸರ ಸೀರಿ, ಕೊಳ್ಳಾಗ ತಾಳಿ, ಕೈಯಾಗ ಒಂದು ಅರಿವಿ ಗಂಟು. ಮಳಿ ಇಲ್ಲ ಏನಿಲ್ಲ, ಸೀರಿಯಿಂದ ನೀರು ಸೋರಾಕತ್ತಿತ್ತು. ಎಲ್ಲಿಗೆ ಹೊಂಟೀರಿ ಅಂತ ಕೇಳಿದ್ಲು. ಮಹಾಲಕ್ಷ್ಮಿ, ಸಮುದ್ರ ನೋಡಾಕ ಅಂದ್ಲು. ಅಂದು ಸುಮ್ಮನಾಗಬೇಕಲ್ಲ? 'ನೀವೂ ಬರ್ರಿ, ಗಾಡ್ಯಾಗ ಜಾಗಾ ಐತಿ' ಅಂದ್ಲು. ಇರ್ಲಿ ಬಿಡ್ರಿ ಅನ್ನಬೇಕಿತ್ತು ಆಕಿ... ಅನ್ನಲಿಲ್ಲ. 'ಹೂಂ, ಬರ್ತೇನಿ' ಅಂದ್ಲು. ನಾವು ಮಾರಿ ಮಾರಿ ನೋಡಿಕೊಂಡ್ವಿ. ಕೈ ತೊಳಕೊಂಡು ತಿರುಗಿದ್ರ ಯಾರೂ ಇಲ್ಲ. ಪೀಡಾ ಹೋತು ಅಂತ ಗಾಡಿ ಹತ್ತಿದ್ವಿ. ಹತ್ತಿದ್ರ ಕುಂದ್ರಾಕ ಜಾಗಾ ಸಾಲವಲ್ದು!"

"ಅಯ್ಯ, ಇಬ್ರ ಇದ್ರಲ್ರಿ?" ಅಂದಳು ಮುಮತಾಜ್.

"ಇಬ್ರ. 'ಸರಿ ಅತ್ತಾಗ' ಅಂತ ನಾನು, 'ನೀ ಸರಿ, ನನ್ನ ತೊಡಿ ಹಿಚುಕಾಕತ್ತೀದಿ' ಅಂತ ಆಕಿ. ಬೆಲ್ಲದಂಥ ಬಾಯಿ ಬೈಗಳಕ್ಕ ಇಳೀತು. ಬನವಾಸಿ ಗುಡ್ಯಾಗ ನಾನೊಂದು ಕಂಬಕ್ಕ, ಆಕಿ ಒಂದು ಕಂಬಕ್ಕ ಕುಂತ್ವಿ, ಮಾತಿಲ್ಲ ಕತಿಲ್ಲ. ಮತ್ತ ಗಾಡಿ ಹತ್ತಿದ್ರ ಮತ್ತ ಜಗಳ. ನನ್ನ ಸೆರಗೂ ತೊಯ್ದಿತ್ತು, ಆಕಿ ಸೆರಗೂ ತೊಯ್ದಿತ್ತು... ಒಣಾ ಸೀಟಿನ ಮ್ಯಾಲೆ ಕುಂತ ಹೆಣ್ಣಮಕ್ಕಳ ಸೀರಿ ಹೆಂಗ ತೊಯ್ತಾವು, ನೀವ ಹೇಳ್ರಿ?

"ಗೋಕರ್ಣ ಮುಟ್ಟಿದಾಗ ಬಿಸಿಲು ಇಳಿಯಾಕತ್ತಿತ್ತು. ಮಹಾಲಕ್ಷ್ಮಿ ನನ್ನ ಮ್ಯಾಲಿನ ಸಿಟ್ಟಿಗೆ ತಾ ಒಬ್ಬಾಕೀನ ಮುಂದ ಹೋಗಿ ನೀರಿನ ದಂಡಿಗೆ ನಿಂತ್ಲು. ನಾ ಹಿಂದ ಇದ್ದೆ. ನನ್ನ ಕಿವಿಲೇ ಕೇಳೇನಿ ಆ ದನಿ... 'ನಿಮ್ಮ ಗಾಡ್ಯಾಗ ಬಂದೆ, ಸಮುದ್ರ ನೋಡಿದೆ. ಇನ್ನ ನೀವು ನಮ್ಮಲ್ಲಿಗೆ ಬರ್ರಿ' ಅಂತು. ಬ್ಯಾಡ ಅಂತ ನಾ ಒದರೂದ್ರಾಗ ಮಹಾಲಕ್ಷ್ಮಿ ಬಾಯಿಂದ ರೂಢಿ ಮಾತು ಬಂದಬಿಡ್ತು. 'ಅಯ್ಯ, ಬರ್ತೇವ್ರಿ, ಬರದ ಏನ ಮಾಡ್ತೇವಿ!' ಅಂದ್ಲು. ನಕ್ಕೋತ ಅಂದ್ಲು, ನಕ್ಕೋತನ ನೀರಾಗ ನಡದ್ಲು. ಗಂಡಸರಿಬ್ರೂ ಎದಿಮಟ ಇಳದು ಹುಡುಕಿದ್ರು. ಎಲ್ಲಿ ಸಿಗ್ತಾಳ?"

ಸುಭಾಸ ಮೊಬೈಲು ಕೆಳಗಿಟ್ಟ. ನಂದಾಳ ಸಿಟ್ಟು ಇಳಿದಿರಲಿಲ್ಲ, ಆದರೂ ಕೂತಲ್ಲಿಂದ ಗಂಡನ ಕಡೆ ಸರಿದಳು.

"ತಿರುಗಿ ಬರೂಮುಂದ ಹಿಂದಿನ ಸೀಟಿಗೆ ನಾ ಒಬ್ಬಾಕಿ. ಅತ್ತೇನಿ, ಎದಿ ಬಡಕೊಂಡೇನಿ... ಆದ್ರ ಜಾಗಾ ಇನ್ನೂ ಸಾಲಲಿಲ್ಲ, ತಿಳೀತ? ತಂಬೂರ ಮುಟ್ಟಿದ್ವಿ. ಅಬ್ದುಲ್‌ಸಾಬ, ಪಾಪ, ಏನೂ ಅರೀದಾಂವ, ಬಾಗಲಾ ತಗದು 'ಮನಿ ಬಂತು, ಎಲ್ಲಾರೂ ಇಳೀರಿ' ಅಂದ. ಇಳದ್ವಿ. ಆವತ್ತಿಂದ ನನ್ನ ಹಾಸಿಗಿ ಒಂದು ಬಾಜು ಒಣಗಿಲ್ಲ. ಕರೀದ ಆಕಿ ಎಲ್ಲಿಗೂ ಬರೂದಿಲ್ಲ, ಕರದ್ರ ಬಿಡೂದಿಲ್ಲ. ಲೇ ಸುಭಾಸ, ತವರಿಗೆ ಬಾ ಅಂತ ನಿಮ್ಮಪ್ಪ ಕರದ. ನನ್ನೊಬ್ಬಾಕಿನ್ನ ಕರದೇನಿ ಅಂತ ತಿಳಕೊಂಡಿದ್ದ."

ಮುಮತಾಜ್ ಮಳೆಯನ್ನೂ ನೋಡದೆ ಎದ್ದು ಹೊರಟಳು. ಚಹಾ ಕುಡಿದು ಹೋಗು ಎಂದು ಯಾರೂ ನಿಲ್ಲಿಸಿಕೊಳ್ಳಲಿಲ್ಲ.

ನಂದಾಳಿಗೆ ಸಮುದ್ರ ಕೈಬಿಡಲು ಮನಸ್ಸಿರಲಿಲ್ಲ. ಬಿರುಸಾಗಿಯೇ ಅಂದಳು, "ಹಂಗಾರ ನೀವು ಇಲ್ಲೇ ಇರ್ರಿ ಅತ್ತಿ. ಊಟಕ್ಕ ಯಾರನ್ನರ ಗೊತ್ತ ಮಾಡಿ ನಾವಷ್ಟ ಹೋಗ್ತೇವಿ."

"ಹೋಗ್ರಿ. ನಾ ಯಾಕ ಬ್ಯಾಡ ಅನ್ಲಿ?" ಶಾರದವ್ವ ಚೀಲ ಬಿಚ್ಚಿ ಎಲೆ ಒರೆಸತೊಡಗಿದಳು. "ಆದ್ರ ಸಂಜಿಯಿಂದ ಗಂಡ ಹೆಂಡ್ತಿ ಈ ಮೂಲಿಗೆ ಮಾರಿ ಮಾಡಿ, ಬರ್ರಿ, ಬರ್ರಿ ಅಂತ ಎಷ್ಟ ಕರದ್ರಿ... ಕರದಾಗೊಮ್ಮೆ ನಾ ಒಲ್ಲೆ ಅಂದೇನಿ. ಆಕಿ ಒಂದ ಸರ್ತೀನೂ ಒಲ್ಲೆ ಅಂದಿಲ್ಲವ್ವಾ."