ಶನಿವಾರದ ಓದು

ಇಂದಿನ ಸಭೆಯ ಅಧ್ಯಕ್ಷರೂ ನಮ್ಮ ಶಾಲಾಭಿವೃದ್ಧಿ ಸಮಿತಿಯ ಮುಂದಾಳೂ ಆದ ಪುಟ್ಟರಾಜು ಅವರೇ, ಮದ್ದೂರಿನಿಂದ ಬಂದಿರುವ ಶಿಕ್ಷಣಾಧಿಕಾರಿಗಳೇ, ಸಹೋದ್ಯೋಗಿಗಳೇ, ಹಿಂದಿನ ಸಾಲಿನಲ್ಲಿ ಊಟದ ವಾಸನೆ ಹಿಡಿದು ಕೂತಿರುವ ಸಭಿಕರೇ,

ಈ ಊರಿನ ಶಾಲೆಯ ಮುಖ್ಯ ಶಿಕ್ಷಕಿಯಾಗಿ ತಾಹೇರಾ ಎಂಬ ನನಗೆ ಇದು ಕೊನೆಯ ದಿನ. ಈ ಸಮುದಾಯ ಭವನಕ್ಕೆ ಕರೆಸಿ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಶಾಲೆಯನ್ನೇ ಬದಲಾಯಿಸಿದ ತಾಯಿ ಎಂದು ಹೊಗಳಿದಿರಿ. ಬದಲಾಯಿಸಿದೆನೇ? ಅದು ನಾನು ನಿವೃತ್ತಳಾಗಿ ಮನೆಗೆ ಹೋದಮೇಲೆ ಗೊತ್ತಾಗುವ ವಿಷಯ.

ಅಧಿಕಾರಿಗಳು ಆಗಲೇ ಮೆಲ್ಲಗೆ ಕೇಳಿದರು: "ಎಡಗಡೆ ಕುರ್ಚಿಗಳೆಲ್ಲ ಖಾಲಿ ಇವೆಯಲ್ಲ ಮೇಡಂ, ಊರಿನ ಹೆಂಗಸರು ಬರಲಿಲ್ಲವೇ?" ಬರಲಿಲ್ಲ ಸಾರ್. ಯಾಕೆಂದು ಹೇಳಿಬಿಡುತ್ತೇನೆ.

ಇಲ್ಲಿ ಶನಿವಾರ ಬೆಳಿಗ್ಗೆ ತಾಯಂದಿರು ಶಾಲೆಗೆ ಬರುತ್ತಾರೆ. ಪ್ರತಿ ಮಗುವೂ ಬೇರೆಯವರ ಅಮ್ಮನ ಎದುರು ಕೂತು ಪಾಠ ಓದಬೇಕು. ತನ್ನಮ್ಮನಾದರೆ ಮುದ್ದು ಮಾಡಿ ತಪ್ಪಿಸಿಕೊಳ್ಳಬಹುದು. ಪಕ್ಕದ ಮನೆ ಅಮ್ಮನ ಮುಂದೆ ಆ ಆಟ ನಡೆಯುವುದಿಲ್ಲ. ತಡವರಿಸುತ್ತಿದ್ದ ಮಕ್ಕಳು ಹೀಗೇ ಓದು ಕಲಿತರು.

ಇದನ್ನು ಮೊದಲು ಶುರುಮಾಡಿದ್ದು ನನ್ನ ಹಿಂದಿನ ಶಾಲೆಯಲ್ಲಿ, ಮಳವಳ್ಳಿ ಕಡೆ. ಸ್ಕೂಟರ್ ಹತ್ತಿ ಮನೆಮನೆಗೂ ಹೋಗಿ ನಾನೇ ಕರೆಯುತ್ತಿದ್ದೆ. ಪತ್ರಿಕೆಯಲ್ಲಿ ಫೋಟೋ ಬಂತು, ನಾನೂ ಉಬ್ಬಿಹೋದೆ. ವರ್ಗವಾಗಿ ಇಲ್ಲಿಗೆ ಬಂದ ಸ್ವಲ್ಪ ದಿನಕ್ಕೆ ಹೋಗಿ ನೋಡಿದರೆ ಓದು ನಿಂತೇಹೋಗಿತ್ತು. ಯಾಕಮ್ಮ ಎಂದರೆ ಅಂಕಮ್ಮ ಎಂಬಾಕೆ, "ನೀವು ಕರೀನಿಲ್ವಲ್ಲ ಮೇಡಮ್ಮೋರೆ, ಅದ್ಕೇ ಓಗ್ನಿಲ್ಲ" ಅಂದಳು. ಕರೆಯದೆ ಹೋಗುವುದು ನಮ್ಮ ಸೀಮೆಯಲ್ಲಿ ಮರ್ಯಾದೆಯಲ್ಲ, ನೋಡಿ! ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ.

ಇಲ್ಲಿ ಹಾಗಾಗಬಾರದೆಂದು ಹಟ ಹಿಡಿದೆ. ಕರೆಯುವ ಕೆಲಸವನ್ನು ಬೀದಿಗಳಿಗೆ ಬಿಟ್ಟೆ. ವಾರಕ್ಕೊಂದು ಬೀದಿಯವರು ಸರದಿಯಂತೆ ಮಿಕ್ಕವರನ್ನು ಕರೆತರಬೇಕು. ಶಿಕ್ಷಕರು ಯಾರೂ ಕರೆಯುವಂತಿಲ್ಲ. ಮೊದಮೊದಲು ಒಬ್ಬರೂ ಬರಲಿಲ್ಲ. ಪುಟ್ಟರಾಜು ಅವರೇ, "ಒಂದ್ಸಲ ನೀವೇ ಓಗ್ಬುಡಿ ಮೇಡಂ, ಏನಾಯ್ತದೆ?" ಎಂದಿರಿ, ನೆನಪಿದೆಯೇ? ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದೇ ಕೂತಿದ್ದೆ. ಹೋಗಲಿಲ್ಲ. ಕೊನೆಗೊಂದು ಶನಿವಾರ ಮೇಲಿನ ಬೀದಿಯ ಮಲ್ಲಿಗಮ್ಮ ನಾಲ್ಕು ಜನರನ್ನು ಎಳೆದುಕೊಂಡು ಬಂದಳು. ಅಲ್ಲಿಂದ ನಡೆಯಿತು.

ಇವತ್ತೂ ಶನಿವಾರ. ಈ ಸಮಾರಂಭಕ್ಕಾಗಿ ಓದನ್ನು ಒಂದು ವಾರ ಮುಂದಕ್ಕೆ ಹಾಕಿ ಎಂದು ಕೇಳಲು ನಮ್ಮ ಯಾಸ್ಮಿನ್ ಟೀಚರ್ ಹೋಗಿದ್ದರಂತೆ. ಮಲ್ಲಿಗಮ್ಮ ಏನಂದಳು ಗೊತ್ತೇ? "ಮೇಡಮ್ಮೋರಿಗೆ ಅಂತ ಇವತ್ತು ನಿಲ್ಸಿದ್ರೆ, ನಾಳೀಕೆ ಬೀಗರೂಟಕ್ಕೆ ಅಂತ ನಿಲ್ಸ್ತೀವಿ, ನಾಡಿದ್ದು ಕಬ್ಬು ಕಡ್ಯಕ್ಕೆ ಅಂತ ನಿಲ್ಸ್ತೀವಿ. ಆಗಕಿಲ್ಲ ಬುಡಿ ಟೀಚರಮ್ಮ. ಮುಗುಸ್ಕಂಡು ಊಟದೊತ್ಗೆ ಬತ್ತೀವಿ."

ಕೇಳಿ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಇಷ್ಟು ವರ್ಷ ದುಡಿದವಳಿಗೆ ಒಂದು ಬೆಳಿಗ್ಗೆ ಕೊಡಲಾರರೇ? ಮಾತಾಡಲು ಎದ್ದಾಗಲೂ ಉರಿಯುತ್ತಲೇ ಇತ್ತು. ಈ ಖಾಲಿ ಕುರ್ಚಿಗಳನ್ನು ನೋಡುತ್ತಾ ನೋಡುತ್ತಾ ಸಂಕಟ ಇಳಿದು ಸಂತೋಷವೇ ಆಯಿತು. ಇದು ಉಳಿಯುತ್ತದೆ ಸಾರ್.

ನಿಮ್ಮ ಶಾಲಿಗೆ, ಹಾರಕ್ಕೆ, ತಾಳ್ಮೆಗೆ ನಾನು ಋಣಿ. ನೀವು ಊಟಕ್ಕೆ ಏಳಿ. ನಾನು ಶಾಲೆಯ ಕಡೆ ಹೊರಟೆ. ಅಲ್ಲಿಗೆ ನನ್ನನ್ನು ಯಾರೂ ಕರೆದಿಲ್ಲ. ಆದರೂ ಹೋಗುತ್ತಿದ್ದೇನೆ. ನಮಸ್ಕಾರ.